ಮೀನುಮರಿಯ ಜೊತೆ ಇಳಿಯುವ ಹುಳು: ಕೊಡಗಿನ ಹೊಳೆಗೆ ಕಾವಲು ಎಲ್ಲಿರಬೇಕು?

ಮಳೆಗಾಲ ಹಿಡಿಯುತ್ತಿದ್ದಂತೆ ಕೊಡಗಿನಲ್ಲಿ ಎರಡು ಬಗೆಯ ಸುದ್ದಿ ಒಂದರ ಬೆನ್ನಿಗೊಂದು ಬರುತ್ತವೆ. ಒಂದರಲ್ಲಿ, ಜಲಾಶಯಕ್ಕೋ ಪಂಚಾಯಿತಿ ಕೆರೆಗೋ ಇಷ್ಟು ಲಕ್ಷ ಮೀನುಮರಿ ಬಿಟ್ಟ ಫೋಟೊ. ಇನ್ನೊಂದರಲ್ಲಿ, ಹೊರಗಿನ ಮೀನಿನಿಂದ ಹೊಳೆಯ ಮೀನಿಗೆ ರೋಗ ತಗುಲುತ್ತದೆ ಎಂಬ ಎಚ್ಚರಿಕೆ. ಅದರ ಬಾಲಕ್ಕೆ, ಮೀನಿನ ಮೈಯಿಂದ ದಾರದಂತೆ ನೇತಾಡುವ ಹುಳುವಿನ ವಿಡಿಯೊ. ಒಂದು ಸುದ್ದಿ ಮರಿ ಬಿಡಿ ಎನ್ನುತ್ತದೆ, ಇನ್ನೊಂದು ಬಿಡಬೇಡಿ ಎನ್ನುತ್ತದೆ. ಎರಡರಲ್ಲೂ ಬರುವುದು ಹೆಚ್ಚುಕಡಿಮೆ ಅದೇ ಮೀನುಗಳು. ಹಾಗಾದರೆ ಹೊರಗಿನ ಮೀನು ಯಾವುದು, ಹುಳು ಎಲ್ಲಿಂದ ಬಂತು, ಕೊಡಗಿಗೆ ಇದರಲ್ಲಿ ವಿಶೇಷವೇನು ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡಬೇಕು.

ಮೊದಲು ತಟ್ಟೆಯ ಮಾತು

ಮೀನಿನಲ್ಲಿ ಹುಳು ಕಂಡಕೂಡಲೇ ಜನ ಕೇಳುವುದು, ತಿನ್ನಬಹುದೇ ಎಂದು. ಈ ಲೇಖನದಲ್ಲಿ ಬರುವ ಪರಾವಲಂಬಿಗಳಲ್ಲಿ ಯಾವುದೂ ಬೇಯಿಸಿದ ಮೀನಿನಿಂದ ಮನುಷ್ಯನಿಗೆ ದಾಟುವುದಿಲ್ಲ. ಲಂಗರು ಹುಳು, ಮೀನುಹೇನು, ಏಷ್ಯನ್ ಲಾಡಿಹುಳು ಇವು ಮುಖ್ಯವಾಗಿ ಮೀನಿಗೆ ಅಂಟುವಂಥವು. ಸಾರಿನಲ್ಲಿ ಕುದಿಸಿದ, ಹಂಚಿನಲ್ಲಿ ಚೆನ್ನಾಗಿ ಹುರಿದ ಮೀನಿಗೆ ಭಯವಿಲ್ಲ. ಹಸಿಬಿಸಿ ಬೇಯಿಸಿ ತಿನ್ನುವ ಹೊಸ ಶೋಕಿಗೆ ಮಾತ್ರ ಬೇರೆ ನಿಯಮ: ಮಾಂಸದ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆದುಬಿಡೋಣ. ಕುಚ್ಚು ಮೀನಿನ ಮಾಂಸದೊಳಗೆ ಹಳದಿ ಕಾಳಿನಂತೆ ಕಾಣುವ ಹುಳು ಹೊರಗಿನದಲ್ಲ. ಬಸವನಹುಳು, ಮೀನು, ಕೊಕ್ಕರೆ ಈ ಮೂರರ ನಡುವೆ ಸುತ್ತುವ ಹಳೆಯ ನಿವಾಸಿ ಅದು. ವಿಡಿಯೊಗಳಲ್ಲಿ ಅದನ್ನೂ ‘ವಿದೇಶಿ ಹುಳು’ ಎಂದು ಹಂಚುವುದರಿಂದ ನಿಜವಾದ ಸಮಸ್ಯೆ ಮಸುಕಾಗುತ್ತದೆ.

ಹೊರಗಿನದು ಎಂದರೆ ಯಾವುದರ ಹೊರಗೆ?

ಕೊಡಗಿನ ಕೆರೆ, ಜಲಾಶಯಗಳಲ್ಲಿ ಇಂದು ಸಿಗುವ ಮೀನುಗಳಲ್ಲಿ ಬಂದವರ ಪಟ್ಟಿ ದೊಡ್ಡದು. ಸೊಳ್ಳೆಮರಿ ತಿನ್ನಲೆಂದು ಚರಂಡಿ, ಬಾವಿಗೆ ಬಿಡುವ ಗ್ಯಾಂಬೂಸಿಯಾ 1928ರಲ್ಲಿ ಭಾರತಕ್ಕೆ ಬಂತು. ಜನ ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಶ್ರೀಲಂಕಾದಿಂದ ಬಂತು. ಸಾಮಾನ್ಯ ಗೆಂಡೆ 1939ರಲ್ಲಿ ಮೊದಲು ನೀಲಗಿರಿಗೆ, ಅದರ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ. ಹುಲ್ಲುಗೆಂಡೆ, ಬೆಳ್ಳಿಗೆಂಡೆ ಎರಡೂ 1959ರಲ್ಲಿ. ಪಂಗಾಸ್, ರೂಪ್‌ಚಂದ್ ಇತ್ತೀಚಿನವು, ಎರಡೂ ಬಾಂಗ್ಲಾದೇಶದ ದಾರಿಯಾಗಿ ಬಂದವು. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕದ್ದುಮುಚ್ಚಿ ಬಂದದ್ದು.

ಇವು ದೇಶದ ಹೊರಗಿನವು. ಕಾಟ್ಲಾ, ರೋಹು, ಮೃಗಾಲ್? ಭಾರತದವೇ, ಆದರೆ ಕಾವೇರಿಯವಲ್ಲ. ಗಂಗಾ ಬಯಲಿನಿಂದ ದಕ್ಷಿಣದ ನದಿಗಳಿಗೆ ಮನುಷ್ಯ ತಂದು ಬಿಟ್ಟವು. ಗಾಳ ಹಾಕುವವರು ಮೆಚ್ಚುವ ನೀಲಿರೆಕ್ಕೆಯ ಮಹಶೀರ್ ಕೂಡ ಕೃಷ್ಣಾ ಕಣಿವೆಯದು. ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಅದರ ಮರಿಗಳನ್ನು 1970ರ ದಶಕದಿಂದೀಚೆಗೆ ಕಾವೇರಿಗೆ ಬಿಡಲಾಯಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಆ ಬಳಿಕ ಬಹುಪಾಲು ಜಾಗಗಳಲ್ಲಿ ಮರೆಯಾಗುತ್ತ ಬಂದು, 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಹೊಳೆ ಹೊಳೆಯ ನಡುವಿನ ಈ ವ್ಯತ್ಯಾಸವನ್ನು ಕಾನೂನು ನೋಡುವುದಿಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ‘ಆಕ್ರಮಣಕಾರಿ ಅನ್ಯಜೀವಿ’ ಎಂದು ಕರೆಯುವುದು ಭಾರತದ ಮೂಲದ್ದಲ್ಲದ, ವನ್ಯಜೀವಿಗಳಿಗೆ ಕೇಡಾಗಬಲ್ಲ ಪ್ರಾಣಿ, ಸಸ್ಯಗಳನ್ನು. ಆ ಅಳತೆಗೋಲಿನಲ್ಲಿ ಹುಲ್ಲುಗೆಂಡೆ ಸಿಕ್ಕಿಬೀಳುತ್ತದೆ. ಕಾಟ್ಲಾ, ನೀಲಿರೆಕ್ಕೆ ಮಹಶೀರ್ ನುಣುಚಿಕೊಳ್ಳುತ್ತವೆ. ಹುಳುವಿಗೆ ಪಾಸ್‌ಪೋರ್ಟ್ ಗೊತ್ತಿಲ್ಲ. ಅದಕ್ಕೆ ಲೆಕ್ಕಕ್ಕೆ ಬರುವುದು, ತಾನು ಹಿಂದೆಂದೂ ಮುಟ್ಟದ ಮೀನಿರುವ ನೀರಿಗೆ ಸೇರಿತೇ ಎಂಬುದೊಂದೇ. ಆ ಗಡಿ ಹಾದುಹೋಗುವುದು ಬೆಟ್ಟದ ನೆತ್ತಿಯಲ್ಲಿ, ಒಂದು ಹೊಳೆಯ ನೀರು ಇನ್ನೊಂದರಿಂದ ಬೇರೆಯಾಗುವ ಕಡೆ. ಈಗಿನ ಗೊಂದಲಕ್ಕೆಲ್ಲ ಮೂಲ ಇಲ್ಲಿದೆ: ಕಾವಲು ದೇಶದ ಬಾಗಿಲಲ್ಲಿ ನಿಂತಿದೆ, ಹುಳು ಒಳಗಿನ ಓಣಿಗಳಲ್ಲಿ ಓಡಾಡುತ್ತಿದೆ.

ಯಾವ ಹುಳು, ಯಾವ ದಾರಿಯಲ್ಲಿ

ಏಷ್ಯನ್ ಲಾಡಿಹುಳುವನ್ನು ಮೊದಲು ನೋಡಬೇಕು, ಏಕೆಂದರೆ ಕಣ್ಣಿಗೆ ಬೀಳದೆ ದೂರ ಸಾಗುವುದು ಅದೇ. ಪೂರ್ವ ಏಷ್ಯಾದ ಈ ಹುಳುವನ್ನು ಜಪಾನಿನಲ್ಲಿ 1934ರಲ್ಲಿ ವಿವರಿಸಿದರು. ಹುಲ್ಲುಗೆಂಡೆ ಮತ್ತು ಸಾಮಾನ್ಯ ಗೆಂಡೆಯ ಜೊತೆ ಅದು ಲೋಕ ಸುತ್ತಿ, ನೂರಾರು ಜಾತಿಯ ಮೀನುಗಳ ಕರುಳು ಹೊಕ್ಕಿದೆ. ಭಾರತದಲ್ಲಿ ಕಾಶ್ಮೀರದ ಮೀನುಗಳಲ್ಲೂ ದಾಖಲಾಗಿದೆ. ಅದರ ಬದುಕು ಹೀಗೆ: ಮೀನಿನ ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನಗಳಲ್ಲಿ ಒಡೆದು ರೋಮ ಹೊದ್ದ ಸಣ್ಣ ಮರಿ ಈಜಾಡುತ್ತದೆ. ಅದನ್ನು ಸೈಕ್ಲಾಪ್ಸ್ ಎಂಬ, ಸಾಸಿವೆ ಕಾಳಿಗಿಂತ ಚಿಕ್ಕ ನೀರುಜೀವಿ ನುಂಗುತ್ತದೆ. ಸೈಕ್ಲಾಪ್ಸನ್ನು ಮೀನುಮರಿ ತಿನ್ನುತ್ತದೆ. ಕರುಳಿನಲ್ಲಿ ಹುಳು ಬೆಳೆದು ಮೊಟ್ಟೆಯಿಡಲು 28–29 ಡಿಗ್ರಿಯಲ್ಲಿ ಮೂರು ವಾರ ಸಾಕು. ನೀರು 15ರಿಂದ 22 ಡಿಗ್ರಿಯಿದ್ದರೆ ಒಂದೂವರೆ–ಎರಡು ತಿಂಗಳು ಹಿಡಿಯುತ್ತದೆ.

ದೊಡ್ಡ ಹುಲ್ಲುಗೆಂಡೆ ಹುಲ್ಲು ತಿನ್ನುತ್ತದೆ, ಸೈಕ್ಲಾಪ್ಸ್ ತಿನ್ನುವುದಿಲ್ಲ. ಹಾಗಾಗಿ ದೊಡ್ಡ ಮೀನಿನಲ್ಲಿ ಹುಳು ಕಡಿಮೆ. ತುಂಬಿರುವುದು ಮರಿಗಳಲ್ಲಿ, ಮತ್ತು ನಾವು ಸಾಗಿಸುವುದು ಮರಿಗಳನ್ನೇ. ಬೆರಳುದ್ದದ ಮರಿಯ ಕರುಳಿನ ಮುಂಭಾಗದಲ್ಲಿ ಹತ್ತಾರು ಹುಳು ಗಂಟುಕಟ್ಟಿದರೆ ಹೊಟ್ಟೆ ಉಬ್ಬುತ್ತದೆ, ಬೆನ್ನು ಬತ್ತುತ್ತದೆ, ಮರಿ ಸಾಯುತ್ತದೆ. ಕೆಲವೇ ಹುಳುವಿದ್ದರೆ ಮರಿ ಬದುಕಿ ಹೊಸ ಕೆರೆಗೆ ಸೇರುತ್ತದೆ. ಸಣ್ಣ ಮೀನನ್ನು ದೊಡ್ಡದು ನುಂಗಿದಾಗಲೂ ಹುಳು ದಾಟಬಲ್ಲದು. ಗ್ಯಾಂಬೂಸಿಯಾ ಕೂಡ ಇದರ ಆತಿಥೇಯ ಎಂಬುದನ್ನು, ಚರಂಡಿಗೆ ಬಿಟ್ಟ ಮೀನು ಮಳೆಗೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವವರು ಮರೆಯಬಾರದು.

ವಿಡಿಯೊಗಳಲ್ಲಿ ಕಾಣುವ ದಾರದಂಥದು ಲಂಗರು ಹುಳು. ಹೆಸರಿಗೆ ಹುಳು, ಕುಲದಲ್ಲಿ ಸೀಗಡಿಯ ನಂಟ. ಹೆಣ್ಣು ಲಂಗರಿನಂಥ ತಲೆಯನ್ನು ಮೀನಿನ ಮಾಂಸಕ್ಕೆ ಹೂತು, ಒಂದೆರಡು ಸೆಂಟಿಮೀಟರ್ ಉದ್ದದ ಮೈಯನ್ನು ಹೊರಗೆ ತೂಗಿಬಿಡುತ್ತದೆ. ತುದಿಯಲ್ಲಿ ಎರಡು ಮೊಟ್ಟೆಚೀಲ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದಿರುತ್ತವೆ. ಬುಡದಲ್ಲಿ ಕೆಂಪು ಗಾಯ. ಗಂಡು ಕೂಡಿದ ಮೇಲೆ ಸಾಯುತ್ತದೆ. ಮರಿಗಳು ಕೆಲವು ದಿನ ನೀರಿನಲ್ಲಿ ಈಜಿ, ಆಮೇಲೆ ಕಿವಿರು ಸೇರಿ, ಕೊನೆಗೆ ಹೆಣ್ಣುಗಳು ಚರ್ಮ ಕೊರೆಯುತ್ತವೆ. ಬೆಚ್ಚಗಿನ ನೀರಿನಲ್ಲಿ ಈ ಸುತ್ತಿಗೂ ಸುಮಾರು ಮೂರು ವಾರ. ಸುಮಾರು 15 ಡಿಗ್ರಿಗಿಂತ ತಣ್ಣಗಿದ್ದರೆ ಬೆಳವಣಿಗೆ ನಿಲ್ಲುತ್ತದೆ. ಆದರೆ ಕೊಡಗಿನ ಚಳಿ ಗಾಳಿಗೆ ತಾಗುವಷ್ಟು ಜಲಾಶಯದ ನೀರಿಗೆ ತಾಗುವುದಿಲ್ಲ. ಯುರೋಪಿನಲ್ಲಿ ಚಳಿಗಾಲ ಕೊಡುವ ವಿರಾಮ ಇಲ್ಲಿಲ್ಲ. ಕಂಡಲ್ಲೆಲ್ಲ ಚಿಮಟದಿಂದ ಕೀಳುವುದು ತಪ್ಪು: ಮೈ ಕೈಗೆ ಬಂದು ತಲೆ ಮಾಂಸದಲ್ಲೇ ಉಳಿದು ಹುಣ್ಣಾಗುತ್ತದೆ.

ಮೀನುಹೇನು ಬೇರೆ ಜಾಣ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನ ಚಪ್ಪಟೆ, ಪಾರದರ್ಶಕ ಬಿಲ್ಲೆ. ಎರಡು ಕಪ್ಪು ಕಣ್ಣು. ಮೈಮೇಲೆ ಓಡಾಡಿ ರಕ್ತ ಹೀರುತ್ತದೆ, ಮೀನು ಕಲ್ಲಿಗೆ ಮೈಯುಜ್ಜುತ್ತದೆ, ನೀರಿನಿಂದ ಹಾರುತ್ತದೆ. ಮೊಟ್ಟೆಯಿಡಲು ಮೀನನ್ನು ಬಿಟ್ಟು ಕಲ್ಲು, ಕಟ್ಟಿಗೆ, ಬಲೆಯ ಮರದ ಚೌಕಟ್ಟಿಗೆ ಅಂಟಿಸಿ ಬರುತ್ತದೆ. ಮೀನಿಗೆ ಕೊಟ್ಟ ಔಷಧಿ ಮೊಟ್ಟೆಗೆ ಮುಟ್ಟದಿರುವುದು ಇದಕ್ಕೇ.

ಕಿವಿರಿನ ಚಪ್ಪಟೆ ಹುಳುಗಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತವೆ. ಪಂಗಾಸ್ ಜೊತೆ ಆಗ್ನೇಯ ಏಷ್ಯಾದಿಂದ ಅದರದೇ ಕಿವಿರುಹುಳುಗಳು ಭಾರತಕ್ಕೆ ಬಂದಿವೆ. ಇವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಮೀನಿಗೆ ನಿಷ್ಠ, ಹಾಗಾಗಿ ಊರ ಮೀನಿಗೆ ಹಾರುವ ಭಯ ಲಾಡಿಹುಳುವಿನಷ್ಟಿಲ್ಲ.

ತನ್ನ ಮನೆಯಲ್ಲಿ ಸಾಧು, ಪಕ್ಕದ ಮನೆಯಲ್ಲಿ ಮಾರಿ

ಹುಳು ಮತ್ತು ಮೀನು ಸಾವಿರಾರು ವರ್ಷ ಒಟ್ಟಿಗೆ ಬಾಳಿದ್ದರೆ ನಡುವೆ ಒಂದು ರಾಜಿ ಏರ್ಪಟ್ಟಿರುತ್ತದೆ. ಅತಿಯಾಗಿ ಕೊಲ್ಲುವ ಹುಳು ತಾನೂ ಉಳಿಯುವುದಿಲ್ಲ, ತಡೆಯಲಾಗದ ಮೀನೂ ಉಳಿಯುವುದಿಲ್ಲ. ಪರಿಚಯವೇ ಇಲ್ಲದ ಮೀನಿಗೆ ಹುಳು ದಾಟಿದಾಗ ಆ ರಾಜಿ ಇರುವುದಿಲ್ಲ.

ನಾರ್ವೆಯ ಕಥೆ ಇದಕ್ಕೆ ಪಾಠಪುಸ್ತಕದ ಉದಾಹರಣೆ. ಅರ್ಧ ಮಿಲಿಮೀಟರಿನ ಒಂದು ಚರ್ಮದ ಹುಳು ಬಾಲ್ಟಿಕ್ ಕಡಲಿನ ಕಡೆಯ ಸಾಲ್ಮನ್‌ಗೆ ಅಷ್ಟಾಗಿ ತೊಂದರೆ ಕೊಡುತ್ತಿರಲಿಲ್ಲ. 1970ರ ದಶಕದಲ್ಲಿ ಮರಿಗಳ ಜೊತೆ ನಾರ್ವೆಗೆ ಬಂದು, ಅಟ್ಲಾಂಟಿಕ್ ಕಡೆಯ ನದಿಗಳಿಗೆ ಬಿತ್ತು. ಎರಡೂ ಕಡೆಯದು ಒಂದೇ ಜಾತಿಯ ಸಾಲ್ಮನ್. ಆದರೂ ನಾರ್ವೆಯ ಮರಿಗಳು ಸತ್ತವು, ನದಿ ನದಿಯೇ ಬರಿದಾದವು. ಕೊನೆಗೆ ಹಲವು ನದಿಗಳಿಗೆ ರೊಟೆನೋನ್ ವಿಷ ಹಾಕಿ ಇದ್ದ ಮೀನನ್ನೆಲ್ಲ ಕೊಂದು, ಮೊದಲೇ ತೆಗೆದಿಟ್ಟಿದ್ದ ಅದೇ ನದಿಯ ತಳಿಯಿಂದ ಮತ್ತೆ ತುಂಬಿಸಬೇಕಾಯಿತು. ಒಂದೇ ಜಾತಿ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕೃಷ್ಣೆಯ ಮಹಶೀರನ್ನು ಕಾವೇರಿಗೆ, ಕಾವೇರಿಯದನ್ನು ಪಶ್ಚಿಮಕ್ಕೆ ಹರಿಯುವ ಬರಪೊಳೆಗೆ ಬಿಟ್ಟರೇನಂತೆ, ಎಲ್ಲ ಮಹಶೀರೇ ಅಲ್ಲವೇ ಎನ್ನುವವರು ನೋಡಬೇಕಾದ ಉದಾಹರಣೆ ಇದು. ಬಿಸಿ ದೇಶದ ಉದಾಹರಣೆ ಬೇಕೆಂದರೆ ಅಮೆರಿಕದ್ದಿದೆ. ಗ್ರ್ಯಾಂಡ್ ಕ್ಯಾನಿಯನ್‌ಗೆ ಸೇರುವ ಲಿಟಲ್ ಕೊಲರಾಡೊ ನದಿಯ ಗೂನುಬೆನ್ನಿನ ಚಬ್ ಎಂಬ ಅಪರೂಪದ ಮೀನಿನ ಕರುಳಿನಲ್ಲಿ 1990ರಲ್ಲಿ ಏಷ್ಯನ್ ಲಾಡಿಹುಳು ಸಿಕ್ಕಿತು. ಮುಖ್ಯ ನದಿಯ ತಣ್ಣೀರಿಗಿಂತ ಬೆಚ್ಚಗಿನ ಈ ಉಪನದಿ ಹುಳುವಿಗೆ ಒಗ್ಗಿತ್ತು.

ನಮ್ಮದೇ ನೆಲದ ಅನುಭವ ಮೀನಿನ ಹುಣ್ಣುರೋಗ. ಅಫನೊಮೈಸಿಸ್ ಇನ್ವೇಡನ್ಸ್ ಎಂಬ ಬೂಸ್ಟಿನಂಥ ಪರಾವಲಂಬಿ 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತ ಹೊಕ್ಕಿತು. 1991ಕ್ಕೆ ಕೇರಳ ತಲುಪಿತ್ತು. 2018ರ ಪ್ರವಾಹದ ಬಳಿಕ ಕೇರಳದಲ್ಲಿ ಮತ್ತೆ ಕಾಣಿಸಿಕೊಂಡಿತು. ಹುಳಿ ಮಣ್ಣಿನಿಂದ ಹರಿದು ಬರುವ ಮಳೆನೀರು, 18ರಿಂದ 22 ಡಿಗ್ರಿಯ ತಂಪು ಇದಕ್ಕೆ ಹಿತ. ಎರಡೂ ಕೊಡಗಿನ ಲಕ್ಷಣವೇ. ಕುಚ್ಚು, ಸಣ್ಣ ಪಕ್ಕೆ ಮೀನುಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಹೊರಗಿನಿಂದ ಬಂದ ಸಾಮಾನ್ಯ ಗೆಂಡೆ, ತಿಲಾಪಿಯಾ ತಡೆದುಕೊಳ್ಳುತ್ತವೆ. ರೋಗ ಬಂದುಹೋದ ಕೆರೆಯಲ್ಲಿ ಯಾರು ಉಳಿಯುತ್ತಾರೆ ಎಂಬ ಲೆಕ್ಕ ಅಲ್ಲಿಗೇ ಮುಗಿಯಿತು.

ಕೊಡಗಿನ ನಕ್ಷೆಯಲ್ಲಿ ಏನಿದೆ

ಜಿಲ್ಲೆ ಚಿಕ್ಕದಾದರೂ ನೀರು ನಾಲ್ಕೈದು ದಿಕ್ಕಿಗೆ ಹಂಚಿಹೋಗುತ್ತದೆ. ತಲಕಾವೇರಿಯಿಂದ ಕಾವೇರಿ, ಪುಷ್ಪಗಿರಿ ಕಡೆಯಿಂದ ಹಾರಂಗಿ, ಬ್ರಹ್ಮಗಿರಿಯಿಂದ ಲಕ್ಷ್ಮಣತೀರ್ಥ ಇವೆಲ್ಲ ಪೂರ್ವಕ್ಕೆ, ಕಾವೇರಿ ಕಣಿವೆಗೆ. ಅದೇ ಪುಷ್ಪಗಿರಿಯ ಇನ್ನೊಂದು ಮಗ್ಗುಲಿನಿಂದ ಕುಮಾರಧಾರೆ ನೇತ್ರಾವತಿಗೆ. ಸಂಪಾಜೆ ಕಡೆಯಿಂದ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿಗೆ. ದಕ್ಷಿಣ ಕೊಡಗಿನ ಬರಪೊಳೆ ಕೇರಳದ ವಳಪಟ್ಟಣಂ ಹೊಳೆಯಾಗಿ ಕಡಲಿಗೆ. ಒಂದು ತೋಟದ ಮೇಲಿನ ಕೊಲ್ಲಿ, ಅಂದರೆ ಬೆಟ್ಟದ ತೊರೆ, ಬಂಗಾಳಕೊಲ್ಲಿಗೆ ಸೇರಿದರೆ, ಅರ್ಧ ಗಂಟೆಯ ಜೀಪು ದಾರಿಯಾಚೆಯ ಕೊಲ್ಲಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಮೀನು ತಾನಾಗಿ ಎಂದೂ ದಾಟದ ಈ ದಿಣ್ಣೆಯನ್ನು ಪಾಲಿಥಿನ್ ಚೀಲದ ಮರಿ ಒಂದು ಮಧ್ಯಾಹ್ನದಲ್ಲಿ ದಾಟುತ್ತದೆ.

ಜಲಪಾತಗಳೂ ಗಡಿಗಳೇ. ಅಬ್ಬಿ, ಚೇಲಾವರದಂಥ ಜಿಗಿತವನ್ನು ಕೆಳಗಿನ ಮೀನು ಹತ್ತಲಾರದು. ಮಳೆನೀರಿಗೆದುರಾಗಿ ಹೊಳೆ ಏರುವ ಹತ್ತುಮೀನು ಎಷ್ಟೇ ಗಟ್ಟಿಗನಾದರೂ ಅಷ್ಟೆತ್ತರ ಏರುವುದಿಲ್ಲ. ಹಾಗಾಗಿ ಜಲಪಾತದ ಮೇಲಿನ ನೀರು ಕೆಳಗಿನ ರೋಗಗಳಿಂದ ತಾನಾಗಿ ರಕ್ಷಣೆ ಪಡೆದಿರುತ್ತದೆ, ಮೇಲಿನ ತೋಟದ ಕೆರೆಗೆ ಯಾರೂ ಮರಿ ತಂದು ಬಿಡದಿದ್ದರೆ. ಕೊಡಗಿನ ತೋಟದ ಕೆರೆಗಳು ಇರುವುದು ಹೆಚ್ಚಾಗಿ ಗದ್ದೆಯ ತಲೆಯಲ್ಲಿ, ಕೊಲ್ಲಿ ಹುಟ್ಟುವಲ್ಲಿ. ಫೆಬ್ರುವರಿ–ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ನೀರು ಬೇಕೆಂದು ತೋಡಿಸಿದ ಕೆರೆಗಳಿವು. ಹೇಗೂ ನೀರಿದೆಯಲ್ಲ ಎಂದು ಕಾಟ್ಲಾ, ಹುಲ್ಲುಗೆಂಡೆ ಬಿಡುತ್ತಾರೆ. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಗೆ ಕೆರೆ ಕೋಡಿ ಬೀಳುತ್ತದೆ. ಮೀನು ಕೊಚ್ಚಿಹೋಗದಂತೆ ಕೋಡಿಗೆ ಬಲೆ ಕಟ್ಟಿದರೆ ಸಿಲ್ವರ್ ಓಕ್ ಎಲೆ ತುಂಬಿಕೊಂಡು ಏರಿ ಒಡೆಯುವ ಭಯ. ರಾತ್ರಿ ಹನ್ನೆರಡಕ್ಕೆ ಯಾರಾದರೂ ಹೋಗಿ ಬಲೆ ಕಿತ್ತೇ ಕೀಳುತ್ತಾರೆ. ಬಲೆ ಉಳಿದರೂ ಅದು ತಡೆಯುವುದು ಮೀನನ್ನು ಮಾತ್ರ; ಒಂದು ಮಿಲಿಮೀಟರಿನ ಸೈಕ್ಲಾಪ್ಸ್, ಅದಕ್ಕಿಂತ ಚಿಕ್ಕ ಲಂಗರು ಹುಳುವಿನ ಮರಿ ಸಲೀಸಾಗಿ ಹೊರಗೆ. 2018ರ ಆಗಸ್ಟಿನಂಥ ಮಳೆ ಬಂದರೆ ಬಲೆ, ಏರಿ, ಕೆರೆ ಯಾವುದರ ಮಾತೂ ನಡೆಯದು.

ಇನ್ನೊಂದು ಸಂಗತಿ. 8.5 ಟಿಎಂಸಿಯ ಹಾರಂಗಿ ಜಲಾಶಯವೋ ಅದಕ್ಕಿಂತ ಬಹಳ ಚಿಕ್ಕ ಚಿಕ್ಲಿಹೊಳೆಯದೋ, ಬೇಸಿಗೆಗೆ ನೀರು ತಳಕ್ಕಿಳಿದಾಗ ಇದ್ದ ಮೀನೆಲ್ಲ ಕಡಿಮೆ ಜಾಗದಲ್ಲಿ ಒತ್ತೊತ್ತಾಗುತ್ತದೆ. ಲಂಗರು ಹುಳುವಿನ ಮರಿಗೆ ಮೀನು ಹುಡುಕುವ ಕಷ್ಟವೇ ಇಲ್ಲ. 

ಮೂರು ವಾದಗಳು

ಮರಿ ಬಿಡಬೇಕೆನ್ನುವವರ ಮಾತಿನಲ್ಲಿ ತೂಕವಿದೆ. ಕಾಟ್ಲಾ, ರೋಹು ಮೊಟ್ಟೆಯಿಡುವುದು ಮಳೆಗಾಲದಲ್ಲಿ ಹರಿಯುವ ನದಿಯಲ್ಲಿ. ನಿಂತ ಜಲಾಶಯದಲ್ಲಿ ಅವು ಸಂತಾನ ನಡೆಸುವುದಿಲ್ಲ ಎನ್ನುವಷ್ಟು ಕಡಿಮೆ. ವರ್ಷಾವರ್ಷ ಬಿಡದಿದ್ದರೆ ಮೀನುಗಾರರ ಸಹಕಾರ ಸಂಘಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಹೊಳೆಯ ಮೂಲ ಮೀನುಗಳು ಹರಿವು, ಕಲ್ಲು, ಮಡು ಬಯಸುವಂಥವು. ಜಲಾಶಯದ ಕೆಸರು ಅವಕ್ಕೆ ಒಗ್ಗುವುದಿಲ್ಲ. ಲಂಗರು ಹುಳು, ಮೀನುಹೇನು ಆಗಲೇ ಎಲ್ಲೆಡೆ ಇವೆ, ಈಗ ಬಾಗಿಲು ಹಾಕಿ ಏನು ಫಲ ಎಂಬುದು ಇವರ ಮುಖ್ಯ ಪ್ರಶ್ನೆ.

ಬೇಡವೆನ್ನುವವರು ಹೊಳೆಯ ಮೂಲ ಮೀನನ್ನು ಮುಂದಿಡುತ್ತಾರೆ. ಕೊಡಗಿನ ಹೊಳೆಯಿಂದ ವಿಜ್ಞಾನಕ್ಕೆ ಪರಿಚಯವಾದ ಮೀನುಗಳಿವೆ. ಫ್ರಾನ್ಸಿಸ್ ಡೇ 1869ರಲ್ಲಿ ಫ್ರೇಜರ್‌ಪೇಟೆಯ, ಅಂದರೆ ಇಂದಿನ ಕುಶಾಲನಗರದ, ಹೊಳೆಯ ಮೀನೊಂದನ್ನು ವಿವರಿಸಿದ್ದು ಇಂದು ಆಸ್ಟಿಯೊಕಿಲಿಕ್ತಿಸ್ ನ್ಯಾಶೀ ಎಂದು ಹೆಸರಾಗಿದೆ. ಇಂಥವಕ್ಕೆ ಮಾರುಕಟ್ಟೆಯಿಲ್ಲ, ಸತ್ತರೆ ಲೆಕ್ಕವಿಡುವವರೂ ಇಲ್ಲ. ವಾಲ್ನೂರು–ತ್ಯಾಗತ್ತೂರು ಭಾಗದ ಕಾವೇರಿಯಲ್ಲಿ ಮಹಶೀರನ್ನು ಗಾಳದಲ್ಲಿ ಹಿಡಿದು ಮತ್ತೆ ಬಿಡುವ ಸಂಪ್ರದಾಯ ಬೆಳೆದದ್ದೇ ಮೀನು ಉಳಿಯಲಿ ಎಂದು. ಕೆರೆಯ ಹುಳು ಹೊಳೆಗೆ ಬಿದ್ದರೆ ಆ ಶ್ರಮಕ್ಕೆ ಅರ್ಥವಿಲ್ಲ ಎನ್ನುತ್ತಾರೆ.

ಮೂರನೆಯದು ತಜ್ಞರ ನಡುವಿನ ಸೂಕ್ಷ್ಮ ವಾದ. ಹೊಸ ನೆಲಕ್ಕೆ ಬಂದ ಮೀನು ತನ್ನ ತವರಿನ ಹುಳುಗಳಲ್ಲಿ ಬಹಳಷ್ಟನ್ನು ಹಿಂದೆ ಬಿಟ್ಟೇ ಬಂದಿರುತ್ತದೆ. ನಡುವೆ ಬೇಕಾದ ಬಸವನಹುಳು, ಸೈಕ್ಲಾಪ್ಸ್ ಸಿಗದೆ ಕೆಲವು ಹುಳು ಸತ್ತುಹೋಗುತ್ತವೆ. ಅಷ್ಟೇಕೆ, ಹುಳುವಿಗೆ ಒಗ್ಗದ ಹೊಸ ಮೀನು ನೀರಿನಲ್ಲಿ ಹೆಚ್ಚಿದ್ದರೆ ಹುಳುಮರಿಗಳು ಅದಕ್ಕೆ ಹೊಕ್ಕು ವ್ಯರ್ಥವಾಗಿ ಊರ ಮೀನಿಗೆ ಸ್ವಲ್ಪ ಲಾಭವೂ ಆಗಬಹುದು. ಇದಕ್ಕೆ ಉಲ್ಟಾ ಕೂಡ ನಿಜ: ಊರ ಹುಳುವೇ ಹೊಸ ಮೀನಿನಲ್ಲಿ ಸೊಕ್ಕಿ ಬೆಳೆದು, ತಿರುಗಿ ಊರ ಮೀನಿನ ಮೇಲೆ ದುಪ್ಪಟ್ಟಾಗಿ ಬೀಳಬಹುದು.

‘ಆಗಲೇ ಎಲ್ಲೆಡೆ ಇದೆ’ ಎಂಬ ವಾದವನ್ನು ಜಾಗ ನೋಡಿ ತೂಗಬೇಕು. ದಶಕಗಳಿಂದ ಮರಿ ಬೀಳುತ್ತಿರುವ ದೊಡ್ಡ ಜಲಾಶಯಕ್ಕೆ ಅದು ಬಹುಮಟ್ಟಿಗೆ ಸರಿ. ಜಲಪಾತದ ಮೇಲಿನ ಕೊಲ್ಲಿಗೆ, ಬರಪೊಳೆಯ ತಲೆಗೆ, ಪಯಸ್ವಿನಿಯ ಮೂಲಕ್ಕೆ ಅದೇ ಮಾತು ಹೊಂದುವುದಿಲ್ಲ. ಹಾರಂಗಿಯಲ್ಲಿ ಮರಿ ಬಿಡುವುದನ್ನು ನಿಲ್ಲಿಸಿ ಎನ್ನುವುದು ಸಂಘದವರ ಹೊಟ್ಟೆಯ ಮೇಲೆ ಹೊಡೆದಂತೆ. ಕೊಲ್ಲಿಯ ತಲೆಯಲ್ಲಿ ಹವ್ಯಾಸಕ್ಕೆ ಇನ್ನೂರು ಹುಲ್ಲುಗೆಂಡೆ ಬಿಡುವುದನ್ನು ನಿಲ್ಲಿಸಿದರೆ ಯಾರ ಒಲೆಯೂ ಆರುವುದಿಲ್ಲ. ಎರಡನ್ನೂ ಒಂದೇ ನಿಯಮದಿಂದ ಅಳೆಯುವುದು ಈ ಚರ್ಚೆಯ ದೊಡ್ಡ ದೋಷ.

ಉಪ್ಪುನೀರು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮರಿ ಬಿಡುವ ಮೊದಲು ಉಪ್ಪುನೀರಿನಲ್ಲಿ ಅದ್ದಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. 100 ಲೀಟರ್ ನೀರಿಗೆ 2ರಿಂದ 3 ಕಿಲೋ ಕಲ್ಲುಪ್ಪು ಕರಗಿಸಿ, ಬೆರಳುದ್ದದ ಮರಿಯನ್ನು ಬಲೆಯ ಸಮೇತ ಒಂದೆರಡು ನಿಮಿಷ ಅದ್ದುವುದು ರೂಢಿ. ಮರಿ ಮಗ್ಗುಲಾದರೆ ಕೂಡಲೇ ಎತ್ತಬೇಕು. ಚರ್ಮ, ಕಿವಿರಿನ ಮೇಲಿನ ಏಕಕೋಶಿಗಳಿಗೆ, ಕೆಲವು ಚಪ್ಪಟೆ ಹುಳುಗಳಿಗೆ ಇದು ಒಳ್ಳೆಯದು. ಮಾಂಸಕ್ಕೆ ತಲೆ ಹೂತ ಲಂಗರು ಹುಳು ಇದಕ್ಕೆ ಜಗ್ಗುವುದಿಲ್ಲ. ಕರುಳಿನೊಳಗಿನ ಲಾಡಿಹುಳುವಿಗೆ ಉಪ್ಪು ತಲುಪುವುದೇ ಇಲ್ಲ. ಅತಿ ದೂರ ಸಾಗುವ ಹುಳುವಿಗೆ ಅತಿ ಜನಪ್ರಿಯ ಮದ್ದು ತಾಗುವುದಿಲ್ಲ ಎಂದಾಯಿತು.

ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಔಷಧಿಯಿದೆ, ಆದರೆ ಅದು ಹುಳುವಿನ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೀನುರೋಗ ಬಲ್ಲವರ ಸಲಹೆಯಿಲ್ಲದೆ ಕೈಹಾಕುವ ಮದ್ದೂ ಅಲ್ಲ. ಲಂಗರು ಹುಳುವಿಗೆ ಹಿಂದೆ ಟ್ರೈಕ್ಲೋರ್‌ಫಾನ್, ಡೈಕ್ಲೋರ್ವಾಸ್ ಸುರಿಯುತ್ತಿದ್ದರು. 2020ರ ಕೊನೆಯಿಂದ ಎರಡೂ ದೇಶದಲ್ಲಿ ನಿಷಿದ್ಧ. ಹಳೆಯ ಕರಪತ್ರ ನೋಡಿಕೊಂಡು ಉಳಿದ ಡಬ್ಬಿ ಹುಡುಕುವವರು, ಆ ವಿಷ ಈಜುವ ಮರಿಹುಳುವನ್ನಷ್ಟೇ ಕೊಲ್ಲುತ್ತಿತ್ತು, ಹೂತ ಹೆಣ್ಣನ್ನಲ್ಲ, ಅದಕ್ಕೇ ವಾರ ವಾರ ಹಾಕಬೇಕಿತ್ತು ಎಂಬುದನ್ನು ನೆನೆಯಬೇಕು. ಅಷ್ಟು ಸಲ ಹಾಕಿದ್ದೆಲ್ಲ ಕೋಡಿಯ ದಾರಿಯಲ್ಲಿ ಹೊಳೆಯ ಏಡಿ, ಸೀಗಡಿಗೆ ಹೋಗುತ್ತದೆ.

ಮೀನುಹೇನಿಗೆ ಮಾತ್ರ ಒಂದು ಸರಳ ಉಪಾಯವಿದೆ. ಕೆರೆಯ ಅಂಚಿನಲ್ಲಿ ಬಿದಿರಿನ ತಟ್ಟಿ ಇಳಿಬಿಟ್ಟರೆ ಹೇನು ಬಂದು ಅದಕ್ಕೇ ಮೊಟ್ಟೆ ಅಂಟಿಸುತ್ತದೆ. ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಒಣಗಿಸಿ ಮತ್ತೆ ಇಡಬೇಕು. ಎರಡು ವಾರ ಬಿಟ್ಟರೆ ಅಲ್ಲೇ ಮರಿಯೊಡೆದು, ನೀವೇ ಹೇನು ಸಾಕಿದಂತಾಗುತ್ತದೆ.

ಕೆರೆ ಬರಿದು ಮಾಡಿ ತಳ ಬಿರುಕು ಬಿಡುವವರೆಗೆ ಒಣಗಿಸಿ ಸುಟ್ಟ ಸುಣ್ಣ ಹಾಕುವುದು ಎಲ್ಲಕ್ಕಿಂತ ಖಚಿತ. ಹುಳಿ ತಗ್ಗಿಸಲು ಎಕರೆಗೆ 80–100 ಕಿಲೋ ಸಾಕು, ರೋಗ ತೊಳೆಯಲು 400 ಕಿಲೋಗೂ ಮೇಲೆ ಬೇಕು. ಕೊಡಗಿನ ತೊಡಕೇನೆಂದರೆ ಗದ್ದೆ ತಲೆಯ ಕೆರೆಗೆ ಊಟೆ ನೀರು. ಏಪ್ರಿಲ್‌ನಲ್ಲೂ ನಡುವೆ ಒಂದು ಗುಂಡಿ ಒದ್ದೆಯಾಗಿಯೇ ಉಳಿಯುತ್ತದೆ, ಸೈಕ್ಲಾಪ್ಸ್ ಅಲ್ಲೇ ಬದುಕುತ್ತದೆ. ಆ ಗುಂಡಿಗೆ ಸುಣ್ಣದ ಬಹುಪಾಲು ಹೋಗಬೇಕು, ಸುತ್ತಲಿನ ಒಣನೆಲಕ್ಕಲ್ಲ. ಕೋಡಿ ಮುಚ್ಚಿರಬೇಕು, ಮಳೆ ಬರಲು ಕನಿಷ್ಠ ಎರಡು ವಾರ ಬಾಕಿಯಿರಬೇಕು. ಒಂದು ಕೆರೆಯ ನೀರನ್ನು ಮೋಟರಿನಿಂದ ಇನ್ನೊಂದಕ್ಕೆ ತುಂಬಿಸುವ ಪದ್ಧತಿಯನ್ನೂ ನೋಡಿಕೊಳ್ಳಬೇಕು. ಫುಟ್‌ವಾಲ್ವಿನ ಜಾಲರಿ ಸೈಕ್ಲಾಪ್ಸನ್ನು ತಡೆಯುವುದಿಲ್ಲ. ಗಿಡಕ್ಕೆ ಸಿಂಪಡಿಸಿದ ನೀರಿನಿಂದ ಅಪಾಯವಿಲ್ಲ.

ಮರಿ ಬಿಡುವ ಮುನ್ನ ಅರವತ್ತು

ಬಂದ ಮರಿಗಳಲ್ಲಿ ನೂರಕ್ಕೆ ಐದರಲ್ಲಿ ಹುಳುವಿದ್ದರೆ, ಯಾದೃಚ್ಛಿಕವಾಗಿ ತೆಗೆದ 60 ಮರಿಗಳನ್ನು ಸೀಳಿ ನೋಡಿದಾಗ ಒಂದರಲ್ಲಾದರೂ ಅದು ಸಿಗುವ ಸಾಧ್ಯತೆ 95 ಶೇಕಡ. ನೂರಕ್ಕೆ ಎರಡರಲ್ಲಿ ಮಾತ್ರ ಇದ್ದರೆ ಅದೇ ಭರವಸೆಗೆ 150 ಮರಿ ಬೇಕು. ಲಕ್ಷ ಮರಿ ಬಿಡುವಲ್ಲಿ 150 ಯಾವ ಲೆಕ್ಕ? ಕರುಳನ್ನು ಬಿಡಿಸಿ ತಟ್ಟೆಯಲ್ಲಿ, ಲೀಟರಿಗೆ 8–9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಚಾಚಿ, ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಿಂದ ಮುಂಭಾಗ ನೋಡಿದರೆ ಬಿಳಿ ಲಾಡಿ ಕಾಣುತ್ತದೆ. ತಲೆ ಹೃದಯದಾಕಾರ, ಎರಡೂ ಮಗ್ಗುಲಿಗೆ ಸೀಳು. ಕಿವಿರಿನ ಹುಳುವಿಗೆ ಸೂಕ್ಷ್ಮದರ್ಶಕ ಬೇಕು, ಮತ್ತು ಮರಿ ಜೀವಂತ ಇರಬೇಕು; ಸತ್ತ ಮೀನಿನಿಂದ ಅವು ಬೇಗ ಉದುರುತ್ತವೆ, ಕೊಳೆಯುತ್ತವೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮೀನುಗಾರಿಕೆ ಕಚೇರಿಗೋ ಸಲಹೆ ಕೇಳಲು ಹೋಗುವವರು ಐಸಿನಲ್ಲಿಟ್ಟ ಮೀನಿನ ಬದಲು ಆಮ್ಲಜನಕ ತುಂಬಿದ ಚೀಲದಲ್ಲಿ ಬದುಕಿರುವ ಮೀನು ಒಯ್ಯುವುದು ಇದಕ್ಕೇ. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ ಕೂಡ ಮೀನುಸಾವು ವರದಿ ಮಾಡಲು ಇದೆ. ಮರಿ ಬಿಟ್ಟ ಸುದ್ದಿಯಲ್ಲಿ ಎಷ್ಟು ಲಕ್ಷ ಎಂದಿರುತ್ತದೆ; ಎಷ್ಟನ್ನು ಸೀಳಿ ನೋಡಿದರು ಎಂಬ ಸಾಲೂ ಇದ್ದರೆ ಚೆನ್ನ.

ಮಹಶೀರ್ ಮರಿಕೇಂದ್ರಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಬಿಗಿಯಾಗಬೇಕು, ಏಕೆಂದರೆ ಅಲ್ಲಿನ ಮರಿ ಹೋಗುವುದು ನೇರ ಹೊಳೆಗೆ. ತಾಯಿಮೀನು ಯಾವ ಹೊಳೆಯದೋ ಮರಿಯೂ ಅದೇ ಹೊಳೆಗೆ. ಬೇರೆ ಬೇರೆ ಹೊಳೆಯ ತಾಯಿಮೀನುಗಳಿಗೆ ಬೇರೆ ತೊಟ್ಟಿ, ಬೇರೆ ನೀರು, ಬೇರೆ ಬಲೆ. ತಳಿ ಕಲಬೆರಕೆಯಾಗದಿರಲೆಂದು ಮಾಡುವ ಈ ಏರ್ಪಾಡು ಹುಳುವನ್ನೂ ತಡೆಯುತ್ತದೆ.

ಏನೂ ಬದಲಾಗದಿದ್ದರೆ ಕೊಡಗಿನ ಹೊಳೆಗಳಲ್ಲಿ ಒಂದೇ ದಿನ ಸಾವಿರಾರು ಮೀನು ತೇಲುವ ದೃಶ್ಯ ಕಾಣುವ ಸಂಭವ ಕಡಿಮೆ. ಲಾಡಿಹುಳು ಕೊಲ್ಲುವುದು ಮರಿಗಳನ್ನು. ಸತ್ತ ಮರಿಯನ್ನು ಏಡಿ, ಮಿಂಚುಳ್ಳಿ ಸಂಜೆಯೊಳಗೆ ಮುಗಿಸುತ್ತವೆ. ಕಾಣುವುದು ಕೆಲವು ವರ್ಷಗಳ ಬಳಿಕ, ಹತ್ತುಮೀನಿನ ಕಾಲದಲ್ಲಿ ಗದ್ದೆಯ ತೋಡಿಗಿಟ್ಟ, ಮೀನು ಹಿಡಿಯುವ ಕೂಳಿಯಲ್ಲಿ ಬರುವ ಜಾತಿಗಳು ಹತ್ತರಿಂದ ನಾಲ್ಕಕ್ಕೆ ಇಳಿದಾಗ. ಆಗ ಕಾರಣ ಹುಡುಕಿದರೆ ಮರಳುಗಾರಿಕೆ, ತೋಟದ ಔಷಧಿ, ಡೈನಮೈಟ್ ಎಲ್ಲವೂ ಪಟ್ಟಿಯಲ್ಲಿರುತ್ತವೆ, ಎಲ್ಲದಕ್ಕೂ ಪಾಲಿರುತ್ತದೆ, ಹುಳುವಿನ ಪಾಲೆಷ್ಟೆಂದು ಬೇರ್ಪಡಿಸಲಾಗುವುದಿಲ್ಲ.

ಮರಿ ಬಿಡಲೇಬೇಕೆಂದಿರುವ ತೋಟದವರಿಗೆ ಕೆಲಸದ ಕ್ರಮ ಇಷ್ಟು. ಹುಲ್ಲುಗೆಂಡೆಯ ಮರಿಯೇ ಬೇಕೇ ಎಂದು ಮೊದಲು ಯೋಚಿಸಿ. ಕೆರೆಯ ಕಳೆಯನ್ನು ಕೈಯಿಂದ ಕೀಳಿಸಿದರೆ ಲಾಡಿಹುಳುವಿನ ಮುಖ್ಯ ವಾಹನವೇ ತಪ್ಪುತ್ತದೆ. ಚೀಲ ಬಂದಾಗ ಬಾಯಿ ತೆರೆಯದೆ 15–20 ನಿಮಿಷ, ಮುಂದೆ ಹೇಳುವ ತೊಟ್ಟಿಯ ನೀರಿನ ಮೇಲೆ ತೇಲಿಸಿ ಬಿಸಿ ಹೊಂದಿಸಿ. ಮರಿಗಳನ್ನು ಬಲೆಯಲ್ಲಿ ಸೋಸಿ, ಕೆರೆಯಿಂದ ದೂರ ಮಟ್ಟಸ ನೆಲದಲ್ಲಿ ಹೂಡಿದ ಸಾವಿರ ಲೀಟರಿನ ಟಾರ್ಪಾಲಿನ್ ತೊಟ್ಟಿಗೆ ಬಿಡಿ. ಏರೇಟರ್ ಇದ್ದರೆ ಬೆರಳುದ್ದದ ಇನ್ನೂರು–ಮುನ್ನೂರು ಮರಿ ಅದರಲ್ಲಿ ಮೂರು ವಾರ ಇರಬಲ್ಲವು. ಬರುವಾಗ ಕಿವಿರಿನಲ್ಲಿ ಅಡಗಿದ್ದ ಲಂಗರು ಹುಳು ಅಷ್ಟರೊಳಗೆ ಚರ್ಮದ ಮೇಲೆ ದಾರವಾಗಿ ಹೊರಬಂದು ಕಾಣುತ್ತದೆ. ಕಂಡರೆ ಆ ತಂಡವನ್ನು ಕೆರೆಗೆ ಇಳಿಸಬೇಡಿ. ತೊಟ್ಟಿಯ ಬಲೆ ತೊಟ್ಟಿಗೇ ಮೀಸಲಿರಲಿ, ಬಳಸಿದ ಮೇಲೆ ಎರಡು ದಿನ ಬಿಸಿಲಿನಲ್ಲಿ ಒಣಗಲಿ. ಮರಿ ತೆಗೆದ ಮೇಲೆ ಚೀಲದಲ್ಲಿ ಉಳಿಯುವ ಐದಾರು ಲೀಟರ್ ನೀರಿನಲ್ಲಿ ತಂದ ಊರಿನ ಸೈಕ್ಲಾಪ್ಸ್ ಇರುತ್ತದೆ. ಅದನ್ನು ಕೆರೆಗೂ ತೋಡಿಗೂ ಚೆಲ್ಲದೆ, ಕಾಫಿ ಗಿಡದ ಬುಡಕ್ಕೆ ಸುರಿದರೆ ಮುಗಿಯಿತು.